ಬಂದ್ ಆಗಿದೆ ಎಂದಿದ್ದ ಲೈನು

ದಿಗಂಬರ ಹುದ್ದಾರ ಖಾನಾಪುರದ ಕಡೆಯವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಿದ್ಯುತ್ ಟವರುಗಳಿಗೆ ಬಣ್ಣ ಹಚ್ಚುವ ಕೂಲಿಗೆಂದು ಪುಣೆಗೆ ಬಂದವರು, ಅವೇ ಟವರುಗಳ ಮೇಲೆ ತಂತಿ ಎಳೆಯುವುದನ್ನೂ ಕಲಿತರು. ಈಗ ಐವತ್ತೆರಡರ ವಯಸ್ಸು, ಹದಿನಾರು ಜನರ ತಂಡಕ್ಕೆ ಮೇಸ್ತ್ರಿ. ತಂಡದವರೆಲ್ಲ ಅವರನ್ನು ಕಾಕಾ ಎನ್ನುತ್ತಾರೆ. ಹೆಂಡತಿ ಇಂದೂ ಪುಣೆಯ ಬಿಬವೇವಾಡಿಯ ಬಾಲವಾಡಿಯೊಂದರಲ್ಲಿ ಶಿಕ್ಷಕಿ. ಕೆಲಸದ ಮಾತನ್ನು ದಿಗಂಬರ ಮನೆಯಲ್ಲಿ ಆಡುವವರಲ್ಲ.

ಕಳೆದ ಮೇ ತಿಂಗಳ ಕೊನೆಗೆ ಅವರ ತಂಡ ಕಾತ್ರಜ ಘಾಟಿನಾಚೆ ಇತ್ತು. ಸೊಲ್ಲಾಪುರದ ಕಡೆಯ ಸೋಲಾರ್ ಕರೆಂಟನ್ನು ಪುಣೆಗೆ ತರುವ ಹೊಸ ಲೈನು ಅಲ್ಲಿ ಹಳೆಯ ಲೈನೊಂದರ ಮೇಲಿಂದ ದಾಟಬೇಕಿತ್ತು. ಹಳೆಯದರ ಟವರುಗಳ ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡು ಸಾಲು ತಂತಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಎರಡನ್ನೂ ಬಂದ್ ಮಾಡಿಕೊಡಲು ಆ ಲೈನಿನ ಕಂಟ್ರೋಲ್ ರೂಮಿನವರು ಒಪ್ಪಿದ್ದರು. ಈ ನಾಲ್ಕು ತಾಸು ತಪ್ಪಿದರೆ ಮತ್ತೆ ಯಾವಾಗಲೋ ಗೊತ್ತಿಲ್ಲ, ಮಳೆ ಬೇರೆ ಹತ್ತಿರ ಬಂದಿತ್ತು. ಗುತ್ತಿಗೆ ಕಂಪನಿಯ ಎಂಜಿನಿಯರ್ ಅಭಿಲಾಷ ಮೈಸೂರಿನವನು, ನೌಕರಿಗೆ ಸೇರಿ ಎರಡು ವರ್ಷ. ಅವನ ಜವಾಬ್ದಾರಿಯಲ್ಲಿ ನಡೆಯುತ್ತಿದ್ದ ಮೊದಲ ದಾಟುವಿಕೆ ಅದು.

ಹತ್ತೂಕಾಲಿಗೆ ಪರವಾನಗಿ ಬಂತು: ಎರಡೂ ಸಾಲು ಬಂದ್, ಕೆಲಸ ಶುರು ಮಾಡಬಹುದು.

ದಿಗಂಬರ ಹಳೆಯ ಟವರು ಹತ್ತಿದರು. ಹಿಂದೆ ತಂಡದ ಅಮರ, ಭೋರ್ ಊರಿನವನು. ಹೊಸ ತಂತಿ ಎಳೆಯುವ ಮೊದಲು ಹಳೆಯ ಎರಡೂ ಸಾಲುಗಳಿಗೆ ಅರ್ಥಿಂಗ್ ಹಾಕಬೇಕು. ಕೋಲಿನ ತುದಿಯ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿದರೆ ಉಳಿದ ಕರೆಂಟು ಟವರಿನ ಮೂಲಕ ನೆಲಕ್ಕಿಳಿಯುತ್ತದೆ. ಆದರೆ ತಂತಿ ಜೀವಂತವಿದ್ದರೆ, ಕೊಕ್ಕೆ ತಾಗುವ ಮೊದಲೇ ಬೆಂಕಿ ಹಾರುತ್ತದೆ, ಕೋಲು ಹಿಡಿದವನು ಉಳಿಯುವುದಿಲ್ಲ. ಅದಕ್ಕೇ ದಿಗಂಬರ ಪ್ರತಿ ಸಲವೂ ಕರೆಂಟು ಇದ್ದರೆ ಕೂಗುವ ಪರೀಕ್ಷಾ ಯಂತ್ರವನ್ನು ತಾವೇ ಒಯ್ದು ಮೊದಲು ನೋಡುತ್ತಿದ್ದರು.

ಎಡಗಡೆ ಯಂತ್ರ ತಡೆದು ತಡೆದು ಕೂಗಿತು; ಹತ್ತಿರದ ಜೀವಂತ ತಂತಿಯ ಪ್ರಭಾವಕ್ಕೆ ಬಂದ್ ಆದ ತಂತಿಯಲ್ಲೂ ಹಾಗೆ ಕೂಗುವುದುಂಟು. ಆದರೆ ಬಲಗಡೆ ಒಂದೇ ಸಮನೆ ಕೂಗಿತು. ಅವರು ಯಂತ್ರ ಆರಿಸಿ ಕಿವಿಗೊಟ್ಟರು. ಕೆಳಗೆ ಸಾತಾರಾ ರಸ್ತೆಯ ಲಾರಿಗಳ ಸದ್ದು ನಿಂತಾಗ ಬಲಗಡೆಯ ತಂತಿಯಿಂದ ಸಣ್ಣಗೆ ಗುಂಯ್ಗುಡುವುದು ಕೇಳಿಸಿತು.

ಅಮರನಿಗೆ ಇದ್ದಲ್ಲೇ ಇರಲು, ಕೋಲನ್ನು ಹಿಂದಕ್ಕೆ ಎಳೆದುಕೊಳ್ಳಲು ಮರಾಠಿಯಲ್ಲಿ ಹೇಳಿ, ವಾಕಿಟಾಕಿಯಲ್ಲಿ ಅಭಿಲಾಷನಿಗೆ ಸುದ್ದಿ ಕೊಟ್ಟರು. ಅಭಿಲಾಷ ಕಂಟ್ರೋಲ್ ರೂಮಿಗೆ ಫೋನು ಮಾಡಿದ. ಅಲ್ಲಿಯವರ ಪ್ರಕಾರ ಎರಡೂ ಬಂದ್ ಆಗಿದ್ದವು, ಯಂತ್ರ ಕೂಗುವುದು ಅಕ್ಕಪಕ್ಕದ ಲೈನುಗಳ ಪ್ರಭಾವಕ್ಕೆ.

"ದಿಗಂಬರ ಅವ್ರೇ, ಎರಡೂ ಆಫ್ ಇದೆ ಅಂತಿದ್ದಾರೆ. ಅರ್ಥಿಂಗ್ ಹಾಕಿ ಶುರು ಮಾಡೋಣ್ವಾ?"

"ಕಾಗದದಾಗ ಬಂದ್ ಆಗೇದ್ರಿ ಸಾಹೇಬ್ರ. ತಂತಿ ಇನ್ನೂ ಗುಂಯ್ ಅನ್ನಲಿಕ್ಕತ್ತದ. ನಾ ಕೋಲು ಹಚ್ಚೂದಿಲ್ಲ."

ಹನ್ನೊಂದಾಯಿತು. ಬಿಸಿಲಿಗೆ ಟವರಿನ ಕಬ್ಬಿಣ ಕಾದು ಹಿಡಿಯಲಾಗುತ್ತಿರಲಿಲ್ಲ. ದಿಗಂಬರ ಅಮರನನ್ನು ಕೆಳಗೆ ಕಳಿಸಿ ತಾವು ಮೇಲೇ ಉಳಿದರು. ತಾವೂ ಇಳಿದರೆ ಮತ್ತೊಬ್ಬನನ್ನು ಹತ್ತಿಸುತ್ತಾರೆಂಬ ಅನುಮಾನ ಅವರಿಗಿತ್ತು. ಅದು ಸುಳ್ಳೂ ಆಗಿರಲಿಲ್ಲ. ಹನ್ನೊಂದೂವರೆಗೆ ಗುತ್ತಿಗೆ ಕಂಪನಿಯ ಹಿರಿಯ ಅಧಿಕಾರಿ ಫೋನಿನಲ್ಲಿ ಅಭಿಲಾಷನನ್ನು ತರಾಟೆಗೆ ತೆಗೆದುಕೊಂಡರು. ಮುದುಕ ಹೆದರಿದ್ದರೆ ಇಳಿಸಿ ಬೇರೆಯವರನ್ನು ಹತ್ತಿಸು, ಇವತ್ತು ಕೆಲಸ ಕೆಟ್ಟರೆ ನೀನೇ ಹೊಣೆ ಎಂದರು.

ತಂಡದಲ್ಲಿ ಇಬ್ಬರು ಹತ್ತಲು ಸಿದ್ಧರಿದ್ದರು. ಅಭಿಲಾಷ ಅವರತ್ತ ನೋಡಿದ, ಮೇಲೆ ನೋಡಿದ. ಆಮೇಲೆ ವಾಕಿಟಾಕಿ ಎತ್ತಿಕೊಂಡ.

"ಕರೆಂಟ್ ಇದೆ ಅಂತ ನಿಮಗೆ ಗ್ಯಾರಂಟಿನಾ?" ಎಂದು ಕೇಳಿದ.

"ಗ್ಯಾರಂಟಿ ಇಲ್ರಿ," ಎಂದರು ದಿಗಂಬರ. "ಇಲ್ಲ ಅಂತೂ ಗ್ಯಾರಂಟಿ ಇಲ್ಲಲ್ರಿ. ಅದಕ್ಕ ಒಲ್ಲೆ ಅಂತೀನಿ."

ಅಭಿಲಾಷ ಅಧಿಕಾರಿಗೆ ಫೋನು ಮಾಡಿ, ಯಾರಾದರೂ ಲೈನು ಹೊರಡುವ ವಿದ್ಯುತ್ ಸ್ಟೇಷನ್ನಿನ ಅಂಗಳಕ್ಕೆ ನಡೆದುಹೋಗಿ ಸ್ವಿಚ್ಚುಗಳನ್ನು ಕಣ್ಣಾರೆ ನೋಡಿ ಹೇಳಲಿ, ಇಲ್ಲದಿದ್ದರೆ ಪರವಾನಗಿ ವಾಪಸ್ ಕೊಟ್ಟು ಕೆಲಸ ನಿಲ್ಲಿಸುತ್ತೇನೆ ಎಂದ.

ಹನ್ನೆರಡೂ ಇಪ್ಪತ್ತಕ್ಕೆ ಉತ್ತರ ಬಂತು. ಹಿಂದಿನ ವರ್ಷ ಸ್ಟೇಷನ್ನಿನಲ್ಲಿ ಬಲಗಡೆಯ ಸಾಲನ್ನು ಬೇರೆ ಸ್ವಿಚ್ಚಿಗೆ ಜೋಡಿಸಿದ್ದರು, ಹೆಸರಿನ ಫಲಕ ಮಾತ್ರ ಹಳೆಯ ಜಾಗದಲ್ಲೇ ಉಳಿದಿತ್ತು. ಫಲಕ ನೋಡಿ ಇನ್ನಾವುದೋ ಲೈನನ್ನು ಬಂದ್ ಮಾಡಿದ್ದರು. ಆ ಲೈನಿನ ಊರುಗಳಿಗೆ ಬೇರೆ ದಿಕ್ಕಿನಿಂದಲೂ ಕರೆಂಟು ಬರುತ್ತಿದ್ದುದರಿಂದ ಯಾರ ಮನೆಯ ದೀಪವೂ ಆರದೆ, ತಪ್ಪು ಯಾರಿಗೂ ತಿಳಿದಿರಲಿಲ್ಲ.

ಅಭಿಲಾಷ ವಾಕಿಟಾಕಿಯಲ್ಲಿ ಇಷ್ಟೇ ಹೇಳಿದ: "ಇತ್ತು ದಿಗಂಬರ ಅವ್ರೇ. ಕೆಳಗೆ ಬನ್ನಿ."

ಕೆಳಗಿಳಿದ ದಿಗಂಬರ ನೀರು ಕೇಳಿದರು, ಆದರೆ ಬಾಟಲಿಯ ಮುಚ್ಚಳ ತೆಗೆಯಲು ಬೆರಳು ಬಗ್ಗಲಿಲ್ಲ. ಅಮರ ತೆಗೆದುಕೊಟ್ಟ. ಸರಿಯಾದ ಸಾಲು ಬಂದ್ ಆಗುವಷ್ಟರಲ್ಲಿ ಮಧ್ಯಾಹ್ನದ ಒಂದು ಗಂಟೆ ದಾಟಿತ್ತು. ಉಳಿದ ವೇಳೆಯಲ್ಲಿ ಎಳೆದೇಬಿಡಿ ಎಂದು ಅಧಿಕಾರಿ ಒತ್ತಾಯಿಸಿದರು. ಅಷ್ಟರಲ್ಲಿ ಕೆಲಸ ಮುಗಿಯದು, ಅರ್ಧಕ್ಕೆ ತಂತಿ ತೂಗುಬಿಟ್ಟು ಹೋಗಲಾಗದೆಂದು ದಿಗಂಬರ, ಅಭಿಲಾಷ ಇಬ್ಬರೂ ಒಪ್ಪಲಿಲ್ಲ.

ನಾಲ್ಕು ದಿನಕ್ಕೆ ಕಂಪನಿಯಿಂದ ನೋಟಿಸು ಬಂತು. ಕೆಲಸ ತಡವಾದದ್ದಕ್ಕೆ ಮೇಸ್ತ್ರಿ ಲಿಖಿತ ವಿವರಣೆ ಕೊಡಬೇಕಿತ್ತು. ದಿಗಂಬರರಿಗೆ ಬರೆಯುವ ರೂಢಿ ಇರಲಿಲ್ಲ. ಅವರು ಕನ್ನಡದಲ್ಲಿ ಹೇಳುತ್ತ ಹೋದರು, ಇಂದೂ ಮರಾಠಿಯಲ್ಲಿ ಬರೆಯುತ್ತ ಹೋದರು. ಆ ದಿನ ಏನಾಯಿತೆಂಬುದು ಇಂದೂಗೆ ತಿಳಿದದ್ದೇ ಆಗ. ಬಲಗಡೆ ಯಂತ್ರ ಕೂಗಿತು ಎಂಬಲ್ಲಿ ಪೆನ್ನು ನಿಂತಿತು.

"ತಂತಿ ನಿಮ್ಮಿಂದ ಎಷ್ಟು ದೂರ ಇತ್ರಿ?"

ದಿಗಂಬರ ಕಿಟಕಿಯಿಂದ ಬಾಗಿಲವರೆಗೆ ಕೈ ತೋರಿಸಿದರು. ಇಂದೂ ಆ ದೂರವನ್ನು ಒಮ್ಮೆ ನೋಡಿ, ಉಳಿದದ್ದನ್ನು ಬರೆದು ಮುಗಿಸಿದರು. ಅದರ ಕೆಳಗೆ ಯಾರೂ ಕೇಳದೆಯೇ ಅಭಿಲಾಷನೂ ಸಹಿ ಹಾಕಿದ. ಕಂಪನಿಯಿಂದ ಉತ್ತರವೂ ಬರಲಿಲ್ಲ, ಶಿಕ್ಷೆಯೂ ಬರಲಿಲ್ಲ. ಸ್ಟೇಷನ್ನಿನ ಫಲಕಗಳು ಮಾತ್ರ ಒಂದೇ ವಾರದಲ್ಲಿ ಬದಲಾದವು.

ಮುಂದಿನ ಪರವಾನಗಿ ಸಿಕ್ಕಿದ್ದು ಜೂನ್ ಕೊನೆಗೆ, ಎರಡು ದಿನದ್ದು. ಎರಡು ಮಳೆಗಳ ನಡುವೆ ಬಿಡುವಾದ ಒಂದು ದಿನ ದಿಗಂಬರ ಹತ್ತಿದಾಗ ಎರಡೂ ಕಡೆ ಯಂತ್ರ ಸುಮ್ಮನಿತ್ತು. ಆದರೂ ಅವರು ಮೂರು ಸಲ ನೋಡಿ, ಅರ್ಥಿಂಗ್ ಕೊಕ್ಕೆಯನ್ನು ತಾವೇ ಸಿಕ್ಕಿಸಿ, ಆಮೇಲೆ ಅಮರನನ್ನು ಮೇಲೆ ಕರೆದರು. ಆ ದಿನ, ಮರುದಿನ ಸೇರಿ ಹೊಸ ತಂತಿಗಳೆಲ್ಲ ಹಳೆಯದರ ಮೇಲಿಂದ ದಾಟಿದವು. ಅಕ್ಟೋಬರಿನಲ್ಲಿ ಹೊಸ ಲೈನಿನಲ್ಲಿ ಕರೆಂಟು ಹರಿದ ದಿನ ದಿಗಂಬರ ಲೋಣಾವಳಾ ಕಡೆಯ ಬೇರೊಂದು ಕೆಲಸದಲ್ಲಿದ್ದರು. ಅಭಿಲಾಷ ಫೋನು ಮಾಡಿ ತಿಳಿಸಿದಾಗ, ಛಲೋ ಆತ್ರಿ ಎಂದು ಹೇಳಿ ಮತ್ತೆ ಟವರಿನತ್ತ ನಡೆದರು.