ಗಾಳಿ ಬಡಿದ ಅಕ್ಕ

ಆಗ ನಮ್ಮ ಯಲಬುರ್ಗಿ ಸೀಮೆಯಲ್ಲಿ ನಿಜಾಮರ ಆಳ್ವಿಕೆ. ಸಾಲಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಸುಗ್ಗಿ ಬಂತೆಂದರೆ ಎರಡನ್ನೂ ಮರೆತು ಹೊಲಕ್ಕೆ ಓಡಿ, ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಬಿಸಿ ಸೀತನಿಯನ್ನು ಬೆಲ್ಲದ ಜೊತೆ ಮುಕ್ಕುವವರು ನಾವು. ನಿಮ್ಮಲ್ಲೂ ಅನೇಕರು ಮುಕ್ಕಿರಬೇಕು. ಆ ಕಾಲವನ್ನು ನೆನೆದು ಓರಗೆಯವರು ಬಾಯಿ ಚಪ್ಪರಿಸಿದರೆ ನನಗೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ನನ್ನ ಅಕ್ಕ ಗಂಗವ್ವ ಸತ್ತದ್ದು ಸುಗ್ಗಿಯಲ್ಲೇ.

ಅಪ್ಪ ಊರ ಕಮ್ಮಾರ. ರೈತರ ಕಣಕ್ಕೆ ಹೋಗಿ, ವರ್ಷದ ದುಡಿಮೆಗೆ ಅವರು ಅಳೆದುಕೊಡುವ ಆಯದ ಜೋಳ ತರುವುದು ಅಕ್ಕನ ಕೆಲಸ. ಹೊಟ್ಟಿನ ಧೂಳು ಮೂಗಿಗೆ ಹೋದರೆ ಆಕೆಗೆ ಉಬ್ಬಸ. ಕುಕ್ಕರುಗಾಲಲ್ಲಿ ಕೂತು, ಮೊಣಕಾಲ ಮೇಲೆ ಕೈಯೂರಿ, ಹೆಗಲು ಎತ್ತೆತ್ತಿ ಉಸಿರೆಳೆಯುತ್ತಿದ್ದಳು. ಎದೆಯೊಳಗೆ ಸೀಟಿ. ಒಂದರ್ಧ ತಾಸಿಗೆ ತಾನೇ ಇಳಿಯುತ್ತಿತ್ತು.

ಆ ವರ್ಷ ಇಳಿಯಲಿಲ್ಲ. ಮಧ್ಯಾಹ್ನ ಕಣದಿಂದ ಬಂದವಳ ತುಟಿ ನೀಲಿಗಟ್ಟಿತ್ತು. ಓಣಿಯ ಹೆಂಗಸರು ನೋಡಿ, ಗಾಳಿ ಬಡದೈತಿ ಅಂದರು. ನಮ್ಮ ಕಡೆ ಗಾಳಿ ಅಂದರೆ ದೆವ್ವವೂ ಹೌದು. ಅಷ್ಟೇ ಸಾಕಾಯಿತು. ಕದ ಹಾಕಿದರು, ಬೆಳಕಿಂಡಿಗೆ ಗೋಣಿಚೀಲ ತುರುಕಿದರು, ಆಕೆಯನ್ನು ಅಂಗಾತ ಮಲಗಿಸಿ ಕಂಬಳಿ ಹೊದಿಸಿ ಮೆಣಸಿನಕಾಯಿಯ ಹೊಗೆ ಹಾಕಿದರು. ಆಕೆ ಏಳಲು ಹೆಣಗಿದಷ್ಟೂ ದೆವ್ವ ಕುಣಿಯುತ್ತಿದೆ ಎಂದು ಹೆಗಲು ಒತ್ತಿ ಹಿಡಿದರು. ಕಾಲು ಹಿಡಿಯಲು ನನ್ನನ್ನು ಕೂರಿಸಿದರು.

ಅದೇ ತಿಂಗಳು ಮಾಸ್ತರು ಉಸಿರಾಟದ ಪಾಠ ಮಾಡಿದ್ದರು. ಶ್ವಾಸಕೋಶಕ್ಕೆ ಸ್ವಂತ ಬಲವಿಲ್ಲ. ಪಕ್ಕೆಲುಬು ಮೇಲೇಳಬೇಕು, ಎದೆಯ ಕೆಳಗಿನ ಪರದೆ ಇಳಿಯಬೇಕು, ಎದೆಗೂಡು ಅಗಲವಾದರೆ ಗಾಳಿ ತಾನಾಗಿ ಒಳಗೆ ಬರುತ್ತದೆ. ಉರ್ದುವಿನಲ್ಲಿ ಹೇಳಿದ್ದು ನಮ್ಮ ತಲೆಗೆ ಹೋಗದಿದ್ದಾಗ ನನ್ನ ಕಡೆ ಕೈಮಾಡಿ, ಇವರಪ್ಪನ ಕುಲುಮೆಗೆ ಗಾಳಿ ಊದುವ ತಿದಿ ಇದ್ದ ಹಾಗೆ ಎಂದಿದ್ದರು. ದಿನಾ ತಿದಿ ಒತ್ತುವವನು ನಾನೇ. ತಕ್ಷಣ ತಿಳಿದಿತ್ತು.

“ಅಪ್ಪಾ, ಆಕಿಗೆ ಗಾಳಿ ಬೇಕಾಗೇತಿ. ಎಬ್ಬಿಸಿ ಕುಂದ್ರಸು. ತಿದಿ ಮ್ಯಾಲ ಕಲ್ಲು ಹೇರಿದ್ರ ಅದು ಗಾಳಿ ಎಳೀತೈತೇನು?”

“ಗಾಳೀನೇ ಆಕಿನ್ನ ಹಿಡದೈತಲೇ. ಮತ್ತಷ್ಟು ಒಳಗ ಬಿಡಂತಿ? ಸುಮ್ಕ ಕಾಲ ಹಿಡಿ.”

ತಿದಿಯ ತೂತಿಗೆ ಚೂರು ಬೂದಿ ಕಟ್ಟಿದರೂ ನನ್ನ ಕಪಾಳಕ್ಕೆ ಬಾರಿಸುತ್ತಿದ್ದ ಮನುಷ್ಯ ಈತ. ಇಡೀ ಊರಿನಲ್ಲಿ ಗಾಳಿಯ ಹದವನ್ನು ಈತನಷ್ಟು ಬಲ್ಲವರಿರಲಿಲ್ಲ. ತಿಳಿಯದವರನ್ನು ಕ್ಷಮಿಸಬಹುದು. ಬಲ್ಲವನನ್ನು ಹೇಗೆ ಕ್ಷಮಿಸಲಿ?

“ಎಬ್ಬಸೋ ತಮ್ಮಾ” ಅಂದಳು ಅಕ್ಕ. ಆ ಎರಡು ಮಾತಿಗೆ ನಾಲ್ಕು ಸಲ ಉಸಿರೆಳೆದಳು. ಅಪ್ಪನ ಹೊಡೆತಕ್ಕೆ ಹೆದರಿ ನಾನು ಕಾಲು ಬಿಡಲಿಲ್ಲ.

ಹೊತ್ತು ಮುಳುಗುವ ಮೊದಲೇ ಸೀಟಿ ನಿಂತಿತು. ದೆವ್ವ ಬಿಟ್ಟಿತೆಂದು ಹೆಂಗಸರು ಕೈಮುಗಿದರು. ಬಿಟ್ಟದ್ದು ಏನೆಂದು ತಿಳಿಯಲು ಇನ್ನಷ್ಟು ಹೊತ್ತು ಹಿಡಿಯಿತು. ಅಳಲು ಬಂದವರು ಘಾಟಿಗೆ ಕೆಮ್ಮತೊಡಗಿದಾಗ ಅಪ್ಪ ಎದ್ದು ಕದ ತೆಗೆದ, ಬೆಳಕಿಂಡಿಯ ಚೀಲ ಕಿತ್ತ. ತಣ್ಣಗೆ ಗಾಳಿ ಬಂತು.

ಅಪ್ಪ ಮುಂದೆ ಬಹಳ ವರ್ಷ ಬದುಕಿದ. ನಾನು ಆತನೊಡನೆ ಮನಸ್ಸು ಬಿಚ್ಚಿ ಒಂದು ಮಾತೂ ಆಡಲಿಲ್ಲ. ಆ ಸುಗ್ಗಿಯಲ್ಲಿ ಅಕ್ಕನೂ ಹೋದಳು, ಅಪ್ಪನೂ ಹೋದ. ಇಬ್ಬರೂ ಉಳಿಯುತ್ತಿದ್ದರೇನೋ, ಒಂದು ಏಟು ತಿಂದು ನಾನು ಆ ಕಾಲು ಬಿಟ್ಟಿದ್ದರೆ.