ಹಿರ್ವಾಸ್ ಹೊಳೆಗೆ ಕಲ್ಲು ಮರಳಿಸಿದ ತೌನೊ

ತೌನೊ ಕಾರ್ಪಿನೆನ್ ಬುಲ್ಡೋಜರ್ ಹತ್ತಿದ್ದು 1961ರ ಬೇಸಿಗೆಯಲ್ಲಿ, ಇಪ್ಪತ್ಮೂರರ ಪ್ರಾಯದಲ್ಲಿ. ಆಗ ಕಾಡಿನಲ್ಲಿ ಕಡಿದ ದಿಮ್ಮಿಗಳನ್ನು ನಮ್ಮ ಹಿರ್ವಾಸ್ ಹೊಳೆಯಲ್ಲಿ ತೇಲಿಬಿಟ್ಟು ಕಡಲಂಚಿನ ಕಾರ್ಖಾನೆಗೆ ಸಾಗಿಸುತ್ತಿದ್ದರು. ಬಂಡೆಗಳಿಗೆ ಸಿಕ್ಕಿ ದಿಮ್ಮಿಗಳು ರಾಶಿ ಬೀಳುತ್ತಿದ್ದವು. ಆ ಬಂಡೆಗಳನ್ನು ದಡಕ್ಕೆ ನೂಕಿ ಹೊಳೆಯನ್ನು ನೆಟ್ಟಗೆ ಮಾಡುವುದು ಅವನ ಕೆಲಸ. ಆರು ಬೇಸಿಗೆ ಮಾಡಿದ. ಆ ಸಂಬಳದಲ್ಲಿ ಮನೆ ಕಟ್ಟಿದ, ಸೈಮಿಯನ್ನು ಮದುವೆಯಾದ. ಊರಲ್ಲಿ ಯಾರೂ ಅದನ್ನು ತಪ್ಪು ಅನ್ನಲಿಲ್ಲ. ನನ್ನಪ್ಪನೂ ಅದೇ ಕೆಲಸಕ್ಕೆ ಸಿಡಿಮದ್ದು ಹೊತ್ತವನು.

ಆದರೆ ತೌನೊನ ಅಪ್ಪ ಸಾಲ್ಮನ್ ಹಿಡಿದು ಬದುಕಿದವನು. ಕಡಲಿನಿಂದ ಹೊಳೆಯೇರಿ ಬರುವ ಸಾಲ್ಮನ್, ಬಂಡೆಗಳ ಮರೆಯಲ್ಲಿ ದಣಿವಾರಿಸಿಕೊಂಡು, ತಳದ ನುಣುಪುಗಲ್ಲುಗಳನ್ನು ಬಾಲದಿಂದ ಕೆದಕಿ ಗೂಡು ಮಾಡಿ ಮೊಟ್ಟೆಯಿಡುತ್ತದೆ. ಬಂಡೆ ಹೋದ ಮೇಲೆ ನೀರು ಕಾಲುವೆಯ ಹಾಗೆ ಒಂದೇ ಸಮನೆ ಓಡಿ, ಆ ನುಣುಪುಗಲ್ಲುಗಳನ್ನೂ ಕೊಚ್ಚಿಕೊಂಡು ಹೋಯಿತು. ನಾಲ್ಕನೆಯ ವರ್ಷ ಮುದುಕ ಬಲೆಯನ್ನು ಅಟ್ಟಕ್ಕೆ ಹಾಕಿದ. ಮಗನಿಗೆ ಒಂದು ಮಾತೂ ಅನ್ನಲಿಲ್ಲ.

"ಬೈದಿದ್ರೆ ಚೆನ್ನಾಗಿತ್ತು ಕಣೋ," ಎಂದು ತೌನೊ ಒಮ್ಮೆ ಸೌನಾದಲ್ಲಿ, ಆ ಹಬೆಕೋಣೆಯ ಬಿಸಿಯಲ್ಲಿ ಕೂತು ನನಗೆ ಹೇಳಿದ್ದ. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಕೆಲವು ವರ್ಷಕ್ಕೆ ದಿಮ್ಮಿಗಳೆಲ್ಲ ಲಾರಿ ಹತ್ತಿದವು. ಹೊಳೆ ಯಾರಿಗೂ ಬೇಡವಾಗಿ ಹಾಗೇ ಉಳಿಯಿತು. ನಿವೃತ್ತ ಟೀಚರ್ ಮಾರ್ಕೆಟ್ಟಾ ನಮ್ಮ ಊರ ಸಂಘದ ಕಾರ್ಯದರ್ಶಿಯಾದ ಮೇಲೆ, ಸಾಲ್ಮನ್ ಮತ್ತೆ ಬರುವಂತೆ ಹೊಳೆ ಸರಿಮಾಡೋಣ ಎಂದು ಹೊರಟಳು. ಅಂಥ ಕೆಲಸಕ್ಕೆ ಹಣ ಕೊಡುವ ನಿಧಿಯೊಂದಿತ್ತು. ಅರ್ಜಿ ಹಾಕಿದಳು. 2003ರ ಮಾರ್ಚಿನಲ್ಲಿ ಅದು ತಿರಸ್ಕೃತವಾಗಿ ಬಂತು. ಸಂಘದ ಸಭೆಯಲ್ಲಿ ಕಾಗದ ಓದಿ ಮೇಜಿನ ಮೇಲೆ ಎಸೆದಳು.

"ಹೊಳೆ ಮೊದ್ಲು ಹೇಗಿತ್ತು ಅನ್ನೋದಕ್ಕೆ ಆಧಾರ ಇಲ್ವಂತೆ. ನಕ್ಷೆ ಇಲ್ಲ, ಫೋಟೋ ಇಲ್ಲ. ಎಲ್ಲಿಂದ ತರ್ಲಿ ನಾನು?"

ತೌನೊ ಎಂದಿನಂತೆ ಬಾಗಿಲ ಬಳಿ ಕಾಫಿ ಕುಡಿಯುತ್ತ ಕೂತಿದ್ದ. ಸಭೆಗಳಲ್ಲಿ ಅವನು ಬಾಯಿ ಬಿಟ್ಟಿದ್ದೇ ನಾನು ನೋಡಿರಲಿಲ್ಲ.

"ನಂಗೊತ್ತು," ಎಂದ.

"ಏನ್ ಗೊತ್ತು?"

"ಯಾವ ಕಲ್ಲು ಎಲ್ಲಿತ್ತು ಅಂತ. ತೆಗೆದೋನು ನಾನೇ ಅಲ್ವಾ?"

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಮತ್ತೆ ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ ಮಾರಾಯ?" ಎಂದಳು ಮಾರ್ಕೆಟ್ಟಾ.

"ಯಾರೂ ಕೇಳ್ಲಿಲ್ಲ, ಟೀಚರಮ್ಮ."

ಮಾರನೆಯ ವಾರ ನನ್ನ ಅಂಗಡಿಯಲ್ಲೇ ಕೂತು ಇಬ್ಬರೂ ಹೊಸ ಅರ್ಜಿ ತುಂಬಿದರು. "ಹೊಳೆ ಕೆಲಸದಲ್ಲಿ ಹಿಂದಿನ ಅನುಭವ" ಎಂಬಲ್ಲಿಗೆ ಬಂದು ಮಾರ್ಕೆಟ್ಟಾ ಪೆನ್ನು ನಿಲ್ಲಿಸಿದಳು. "ಇದನ್ನ ಖಾಲಿ ಬಿಡ್ಲಾ?"

"ಯಾಕೆ? ಬರಿ. ಆರು ಬೇಸಿಗೆ, ಹೊಳೆ ಹಾಳು ಮಾಡಿದ್ದು ಅಂತ ಬರಿ."

ಅವಳು ಅವನ ಮುಖ ನೋಡಿದಳು. ಆಮೇಲೆ ಹಾಗೇ ಬರೆದಳು.

ಜೂನ್‌ನಲ್ಲಿ ನಿಧಿಯ ಅಧಿಕಾರಿ ಹೆನ್ನಾ ಬಂದಳು. ಆ ಸಾಲನ್ನು ಓದಿಯೇ ಹೊರಟು ಬಂದೆ ಎಂದಳು. ತೌನೊ ಅವಳನ್ನು ದಡದಲ್ಲಿ ಎರಡು ದಿನ ನಡೆಸಿದ. ಬರ್ಚ್ ಮರಗಳ ಬುಡದಲ್ಲಿ ಪಾಚಿ ಮುಚ್ಚಿ ಕೂತ ದಿಬ್ಬಗಳೆಲ್ಲ ಅವನು ನೂಕಿದ ಬಂಡೆಗಳೇ.

"ಈ ಚಪ್ಪಟೆದು ನಟ್ಟನಡುವೆ ಇತ್ತು. ಅರ್ಧ ದಿನ ತಗೊಳ್ತು, ಹಟಮಾರಿ. ಇದರ ಹಿಂದೆ ನಮ್ಮಪ್ಪ ದೋಣಿ ನಿಲ್ಲಿಸ್ತಿದ್ದ."

"ನಲವತ್ತು ವರ್ಷದ ಮೇಲೂ ನಿಮಗೆ ನೆನಪಿದೆಯಾ?"

"ಮರೆಯೋಕೆ ನೋಡಿದೀನಮ್ಮ. ಆಗ್ಲಿಲ್ಲ."

ಹೆನ್ನಾ ಅರವತ್ತೊಂದು ಕಡೆ ಕೆಂಪು ಪಟ್ಟಿ ಕಟ್ಟಿ ನಕ್ಷೆ ಮಾಡಿಕೊಂಡು ಹೋದಳು. ಚಳಿಗಾಲದ ಹೊತ್ತಿಗೆ ಹಣ ಮಂಜೂರಾಯಿತು. ಯಂತ್ರದ ಬಾಡಿಗೆ ನಿಧಿಯದು, ಕೈಕೆಲಸ ಮಾತ್ರ ಊರಿನವರು ಬಿಟ್ಟಿಯಾಗಿ ಮಾಡಬೇಕು ಎಂಬುದು ಕರಾರು. ನಾನೇ ಅವನನ್ನು ಕೆಣಕಿದೆ: "ತೆಗೆಯೋಕೆ ಸಂಬಳ ತಗೊಂಡೆ, ಈಗ ಹಾಕೋದು ಬಿಟ್ಟಿಗಾ?"

"ಸಂಬಳ ಬಂದಾಗಿದೆಯಲ್ಲ, ಇನ್ನೇನು," ಎಂದ.

ಎರಡು ಆಗಸ್ಟ್ ತಿಂಗಳು ಕೆಲಸ ನಡೆಯಿತು. ತಾನೇ ಯಂತ್ರ ಹತ್ತಬೇಕೆಂದು ತೌನೊಗೆ ಆಸೆ, ವಿಮೆಯವರು ಒಪ್ಪಲಿಲ್ಲ. ಒಂದು ದಿನ ಮುನಿಸಿಕೊಂಡು ಮನೆಯಲ್ಲಿದ್ದ. ಎರಡನೆಯ ದಿನ ಮಡಚುವ ಕುರ್ಚಿ ಹಿಡಿದು ಬಂದು ದಡದಲ್ಲಿ ಕೂತ. "ಇನ್ನೂ ಎಡಕ್ಕೆ! ಅದು ಮಲಗಿತ್ತು, ನಿಂತಿರ್ಲಿಲ್ಲ!" ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ. ಯಂತ್ರದವನು ಮೊದಮೊದಲು ಸಿಡುಕಿದ. ಆಮೇಲೆ ಪ್ರತಿ ಬಂಡೆ ಇಳಿಸುವ ಮುಂಚೆ ಕುರ್ಚಿಯ ಕಡೆ ನೋಡಿ ಕಾಯತೊಡಗಿದ. ಕೋಳಿಮೊಟ್ಟೆ ಗಾತ್ರದ ನುಣುಪುಗಲ್ಲುಗಳನ್ನು ನಾವು ಮೂವತ್ತು ಜನ ಮೊಣಕಾಲು ನೀರಲ್ಲಿ ಸಾಲಾಗಿ ನಿಂತು ಬಕೆಟ್‌ನಲ್ಲಿ ಸುರಿದೆವು. ಸೈಮಿ ಬೇಯಿಸಿ ತರುತ್ತಿದ್ದ ಮೀನಿನ ಸಾರಿಗೆ ಅಂಗಡಿಯಿಂದ ತಂದ ಮೀನೇ ಬೇಕಾಗಿತ್ತು. ಅದಕ್ಕೆ ಎಲ್ಲರೂ ನಕ್ಕರು.

ಮೊದಲ ಶರತ್ಕಾಲದಲ್ಲಿ ಏನೂ ಬರಲಿಲ್ಲ. ಮರುವರ್ಷವೂ ಇಲ್ಲ. ತೌನೊ ತಾನಾಗಿ ಹೊಳೆಯ ಸುದ್ದಿ ಎತ್ತುತ್ತಿರಲಿಲ್ಲ. ನಾವೂ ಕೇಳುತ್ತಿರಲಿಲ್ಲ.

ಮೂರನೆಯ ಅಕ್ಟೋಬರಿನಲ್ಲಿ, ಮಧ್ಯಾಹ್ನದ ಬೆಳಕಲ್ಲಿ, ನಾವಿಬ್ಬರೂ ಗಾಜಿನ ತಳದ ಬಕೆಟ್ಟು ನೀರಿಗೆ ಒತ್ತಿ ತಳ ನೋಡುತ್ತ ಹೋದೆವು. ಆ ಚಪ್ಪಟೆ ಬಂಡೆಯ ಮೇಲೆ ಬೋರಲು ಮಲಗಿ ಅದರಾಚೆಯ ತಳಕ್ಕೆ ಇಣುಕಿದವನು ಬಹಳ ಹೊತ್ತು ಏಳಲಿಲ್ಲ.

"ಏನಾಯ್ತೋ, ಹುಷಾರಾಗಿದೀಯಾ?"

"ಬಾ, ನೋಡು."

ಕಪ್ಪು ತಳದಲ್ಲಿ ಬೆಳ್ಳಗೆ ಕೆದಕಿದ ಜಾಗ, ಒಂದು ಚಾಪೆಯಷ್ಟು. ಸ್ವಲ್ಪ ಆಚೆಗೆ ಇನ್ನೊಂದು. ಅದರ ಮೇಲೆ ದೊಡ್ಡ ಹೆಣ್ಣು ಸಾಲ್ಮನ್, ನೀರಿಗೆದುರಾಗಿ ನಿಧಾನಕ್ಕೆ ಬಾಲ ಆಡಿಸುತ್ತಿತ್ತು. ತೌನೊ ಕಣ್ಣೊರೆಸಿಕೊಂಡ, ನೀರು ಸಿಡಿದಿತ್ತೆಂದು ನಾನಂದುಕೊಳ್ಳಲಿ ಎಂದೋ ಏನೋ, ಮುಖವಿಡೀ ಒರೆಸಿಕೊಂಡ.

ಮನೆಗೆ ಬಂದಾಗ ಸೈಮಿ ಕೇಳಿದಳು: "ಎಷ್ಟು ಗೂಡು?"

"ಎರಡು."

"ಬರೀ ಎರಡಾ? ಅಷ್ಟಕ್ಕೆ ಇಷ್ಟು ಒದ್ದೆಯಾಗಿ ಬಂದ್ರಾ ಇಬ್ರೂ?"

ಅವನು ಜೋರಾಗಿ ನಕ್ಕ. ಒಣಗಿದ ಅಂಗಿ ಹಾಕಿಕೊಂಡು, ಮಾರ್ಕೆಟ್ಟಾಗೆ ತಾನೇ ಫೋನು ಮಾಡಿದ. ಮರುವಸಂತದಲ್ಲಿ ಮೇಲಿನೂರಿನವರು ತಮ್ಮ ಅರ್ಜಿಗೂ ಅವನನ್ನು ಕರೆದರು. ಅಲ್ಲೂ ಅವನು ಒಂದು ಬೇಸಿಗೆ ಬುಲ್ಡೋಜರ್ ಓಡಿಸಿದ್ದನಂತೆ. ಹೋದ.