ಹಾರಿಸುವವರಿಗೆ ಮಾತ್ರ

ವಾಸ್ಕೋದ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮ ಮೇಲಿನ ಮನೆಯ ಸರಸ್ವತಿಬಾಯಿ ವಿಮಾನ ಮಾರಾಟಕ್ಕಿಟ್ಟಿದ್ದಾರೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಬಂದರಿನ ಕಚೇರಿಯಿಂದ ನಿವೃತ್ತರಾದ, ಮೆಂತ್ಯದ ಸೂಡಿಗೂ ಚೌಕಾಸಿ ಮಾಡುವ ಧಾರವಾಡದ ಹೆಣ್ಣುಮಗಳ ಹತ್ತಿರ ವಿಮಾನವೇ? ಇತ್ತು ಸ್ವಾಮಿ! ಎರಡೇ ಸೀಟಿನ, ಮೂಗಿನ ಮೇಲೊಂದು ಪಂಖದ, ಬಿಳಿ ಮೈಗೆ ನೀಲಿ ಗೆರೆಯ ಖರೇ ವಿಮಾನ. ದಾಬೋಳಿಯ ವಿಮಾನ ನಿಲ್ದಾಣದ ಮೂಲೆಯಲ್ಲಿ ಒಂದು ಬಾಡಿಗೆ ಶೆಡ್ಡಿನಲ್ಲಿ ನಿಂತಿತ್ತು.

ಜಾಹೀರಾತು ಟೈಪು ಮಾಡಿಕೊಟ್ಟವನು ನಾನೇ. ನನ್ನ ಹೆಸರು ಕೇದಾರ. ಅವರಿಗೆ ನಾನು ಕಾಕು ಎನ್ನುತ್ತೇನೆ, ಅವರು ನನ್ನನ್ನು ಹೊಟ್ಟೆಯಲ್ಲಿ ಹುಟ್ಟಿದವನಿಗಿಂತ ಜಾಸ್ತಿ ಬಯ್ಯುತ್ತಾರೆ.

"ಮಾರುವುದಿದೆ ಅಂತ ಬರದ್ಯಾ? ಅದರ ಕೆಳಗ ಬರಿ, ಹಾರಿಸುವವರಿಗೆ ಮಾತ್ರ."

"ಕಾಕು, ಕೊಂಡವರು ಏನರೆ ಮಾಡ್ಕೋತಾರ. ನಮಗೇನು?"

"ನಿನಗ ಏನೂ ಇರಲಿಕ್ಕಿಲ್ಲ. ನನಗದ. ಬರೀತೀಯೋ, ಎದ್ದು ಹೋಗ್ತೀಯೋ?"

ಬರೆದೆ. ಅವರ ಮುಂದೆ ಯಾರ ಆಟ ನಡೆದಿದೆ?

ಈ ವಿಮಾನದ ಹುಚ್ಚು ಮೊದಲು ಹಿಡಿದದ್ದು ಅವರ ಯಜಮಾನರಾದ ವ್ಯಾಸರಾಜ ಕಾಕಾಗೆ. ಕಾಕಾ ವಿಮಾನಗಳ ರಿಪೇರಿ ಮಾಡುವ ಮೆಕ್ಯಾನಿಕ್. ಎಲ್ಲೋ ಮುಚ್ಚಿಹೋದ ಒಂದು ಫ್ಲೈಯಿಂಗ್ ಕ್ಲಬ್ಬಿನವರು ರೆಕ್ಕೆ ಮುರಿದ ಈ ವಿಮಾನವನ್ನು ಮಾರುತ್ತಾರೆ ಎಂದು ಕೇಳಿದ ದಿನದಿಂದ ಅವರಿಗೆ ಊಟ ಸೇರಲಿಲ್ಲ. ಕಾಕು ಎರಡು ಮಾತು ಆಡಲಿಲ್ಲ. ಅವರಪ್ಪ ಅವರ ಹೆಸರಿಗೆ ಬರೆದುಕೊಟ್ಟಿದ್ದ ಮಾಳಮಡ್ಡಿಯ ಜಾಗವನ್ನು ಮಾರಿ ವಿಮಾನ ತರಿಸಿದರು. ಧಾರವಾಡದಲ್ಲಿ ಬಂಧುಬಳಗವೆಲ್ಲ ಹೌಹಾರಿತು. ಕಾಕುವಿನ ಮೈದುನನಂತೂ ಬಸ್ಸು ಹತ್ತಿ ಬಂದು, "ವೈನಿ, ನಿಮಗೇನು ತಲಿ ಕೆಟ್ಟದೇನು?" ಎಂದ. "ನನ್ನ ಜಾಗಾ, ನನ್ನ ಗಂಡ, ನನ್ನ ವಿಮಾನ. ನಿಮ್ಮ ಗಂಟೇನು ಹೋತು? ಚಹಾ ಕುಡದು ಹೋಗ್ರಿ," ಎಂದು ಕಾಕು ಬಸಿಯನ್ನು ಮುಂದಿಟ್ಟರು.

ವರ್ಷಗಟ್ಟಲೆ ದುಡಿದು ಕಾಕಾ ಅದನ್ನು ಎಬ್ಬಿಸಿ ನಿಲ್ಲಿಸಿದರು. ತಲೆ ನರೆತ ಮೇಲೆ ಹಾರಿಸುವ ಲೈಸೆನ್ಸನ್ನೂ ಪಡೆದರು. ಪರವಾನಗಿ ಸಿಕ್ಕ ಭಾನುವಾರ ಇಬ್ಬರೂ ಹೊರಡುತ್ತಿದ್ದರು. ಎಡಗಡೆ ಕಾಕಾ, ಬಲಗಡೆ ಅವಲಕ್ಕಿಯ ಡಬ್ಬಿ ಹಿಡಿದ ಕಾಕು. ಕುಡಚಡೆಯ ಗಣಿಗಳ ಕೆಂಪು ಮಣ್ಣು, ವಾಳಪೈ ಆಚೆಯ ಕಾಡು, ಎಲ್ಲವನ್ನೂ ಮೇಲಿಂದ ನೋಡಿಬಂದು ಸೋಮವಾರ ಕಾಕು ಕಚೇರಿಯಲ್ಲಿ ಫೈಲು ತಿರುವುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ. "ಇದs ನಮ್ಮ ಮಗಳು," ಎನ್ನುತ್ತಿದ್ದರು ಕಾಕಾ. ಕಾಕು ಅದಕ್ಕೆ ನಗುತ್ತಿರಲಿಲ್ಲ, ಇಲ್ಲವೆನ್ನುತ್ತಲೂ ಇರಲಿಲ್ಲ.

ಕಳೆದ ವರ್ಷ ಕಾಕಾ ತೀರಿಕೊಂಡರು. ದೀಪಾವಳಿಯೊಳಗೆ ಶೆಡ್ಡು ಖಾಲಿ ಮಾಡಿ ಎಂದು ಅದರ ಮಾಲೀಕ ಹೇಳಿಕಳಿಸಿದ. ಹಾರಿಸಲು ಕಾಕುಗೆ ಬಾರದು, ಇಡಲು ಜಾಗವಿಲ್ಲ. ಮಾರಲೇಬೇಕು.

ಮೊದಲು ಬಂದವನು ಸುನಿಲ. ವಾಸ್ಕೋದಲ್ಲೇ ಹುಟ್ಟಿ ಬೆಳೆದ ದಲಾಲ. ಜಾಗ, ಬೋಟು, ಹಳೇ ಬಸ್ಸು, ಏನು ಬೇಕಾದರೂ ಕೊಡಿಸುತ್ತಾನೆ. ಉತ್ತರ ಗೋವಾದ ಬೀಚಿನಲ್ಲಿ ಒಂದು ಹೋಟೆಲಿನವರು ಮಾಳಿಗೆಯ ಮೇಲೆ ವಿಮಾನ ಕೂರಿಸಿ, ಅದರೊಳಗೊಂದು, ರೆಕ್ಕೆಯ ಕೆಳಗೆ ನಾಲ್ಕು ಮೇಜು ಹಾಕಿ ಬಾರ್ ನಡೆಸುತ್ತಾರಂತೆ.

"ರೊಕ್ಕಾ ಏಕದಂ ನಗದು ಬಾಯಿ. ಲಾರಿ ಅವರದs. ರೆಕ್ಕಿ ಅಷ್ಟ ಕೊಯ್ದು ಒಯ್ತಾರ, ರಸ್ತಾದಾಗ ಹಿಡಿಸೂದಿಲ್ಲಲ್ಲ."

"ಕೊಯ್ದು?" ಎಂದರು ಕಾಕು.

"ಆಮ್ಯಾಲೆ ವೆಲ್ಡಿಂಗ್ ಮಾಡ್ತಾರ್ರಿ. ಲೈಟಿನ ಸರಾ ಬಿಡ್ತಾರ. ಮಸ್ತ್ ಕಾಣ್ತದ."

"ನಮ್ಮನಿಯವರು ಕೈಯಾರೆ ಕೂಡಿಸಿದ ರೆಕ್ಕಿ ಅದು. ಅದರ ಹೊಟ್ಟ್ಯಾಗ ಕೂತು ಮಂದಿ ಬಾಟ್ಲಿ ಎತ್ತೂದು ನೋಡ್ಲಿಕ್ಕೆ ನಾ ಇನ್ನೂ ಬದಕೀನೇನು? ಏಳು. ಚಪ್ಪಲಿ ಹೊರಗದಾವ."

ಸಂಜೆ ಮೈದುನನ ಫೋನು. ಸುನಿಲ ಅವನಿಗೂ ಸುದ್ದಿ ಮುಟ್ಟಿಸಿದ್ದ. "ವೈನಿ, ಬಂದಷ್ಟಕ್ಕ ಕೊಟ್ಟು ಕೈ ತೊಳಕೋರಿ. ಒಂಟಿ ಹೆಂಗಸಿಗೆ ಯಾಕ ಬೇಕು ಈ ಉಸಾಬರಿ?" ಕಾಕು ಫೋನಿಟ್ಟು ನನ್ನ ಕಡೆ ತಿರುಗಿ, "ಒಂಟಿ ಹೆಂಗಸಂತ!" ಎಂದರು. ಆವತ್ತು ಅವರ ಚಪಾತಿಗಳು ಲಟ್ಟಣಿಗೆಯ ಕೆಳಗೆ ನರಳಿದ್ದು ನಮ್ಮ ಮನೆಗೆ ಕೇಳಿಸಿತು.

ಖಂಡೇನವಮಿ ಬಂತು. ಪ್ರತಿ ವರ್ಷ ಆ ದಿನ ವಿಮಾನಕ್ಕೆ ಪೂಜೆ. ವಿಮಾನ ನಿಲ್ದಾಣದ ಪಾಸು ಮಾಡಿಸಿಕೊಂಡು ನಾನು, ನನ್ನ ಹೆಂಡತಿ ಶ್ರೀರಂಜನಿ, ಕಾಕು ಮೂವರೂ ಹೋದೆವು. ಗಂಡ ಸತ್ತ ಹೆಂಗಸು ಅರಿಷಿಣ ಕುಂಕುಮ ಮುಟ್ಟುವುದೆಂದರೆ ನಮ್ಮಲ್ಲಿ ಕಷ್ಟದ ಮಾತು. ಶ್ರೀರಂಜನಿ ಮೆಲ್ಲಗೆ, "ಈ ಸಲ ನಾ ಮಾಡ್ತೀನ್ರಿ ಕಾಕು, ನೀವು ಕೂಡ್ರಿ," ಎಂದಳು.

"ಯಾಕ? ನನ್ನ ಕೈ ಸತ್ತಾವೇನು?"

ಸೆರಗು ಸಿಕ್ಕಿಸಿಕೊಂಡು ತಾವೇ ನಿಂತರು. ಪಂಖಕ್ಕೆ, ಗಾಲಿಗೆ, ಬಾಗಿಲಿಗೆ ಗಂಧ, ಕುಂಕುಮ, ಅಕ್ಷತೆ. ರೆಕ್ಕೆಯ ಕೆಳಗಿನ ಪೂಜೆಯನ್ನು ಮೊದಲೆಲ್ಲ ಕಾಕಾ ತಾವೇ ಮುಗಿಸುತ್ತಿದ್ದರು, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಈ ಸಲ ಅಲ್ಲೂ ಕಾಕುವೇ. ಅಲ್ಲೊಂದು ಸಣ್ಣ ಕೊಳವೆಗೆ ಕೆಂಪು ಬಟ್ಟೆಯ ಟೊಪ್ಪಿಗೆ ಹಾಕಿತ್ತು. ದೇವರ ಪ್ರಸಾದ ಬಟ್ಟೆಗೆ ಯಾಕೆಂದು ಅದನ್ನು ತೆಗೆದು, ಕೊಳವೆಯ ಬಾಯಿಗೇ ಧಾರಾಳವಾಗಿ ಹಚ್ಚಿ, ಮತ್ತೆ ಟೊಪ್ಪಿಗೆ ಹಾಕಿದರು. ನಾವು ಪಂಚಕಜ್ಜಾಯ ತಿಂದು ಬಂದೆವು.

ದಸರೆ ಮುಗಿದ ಮೇಲೆ ಹುಬ್ಬಳ್ಳಿಯಿಂದ ಕ್ಯಾಪ್ಟನ್ ಶಹಾಬುದ್ದೀನ ಬಂದರು. ಜೀವನವಿಡೀ ಕಂಪನಿಗಳ ಸರಕು ವಿಮಾನ ನಡೆಸಿ ನಿವೃತ್ತರಾದವರು. "ಇನ್ನ ನನಗಂತ ಒಂದು ಬೇಕ್ರಿ ಅಮ್ಮಾರ. ಹೋಟೆಲಿನವರಷ್ಟು ಕೊಡಾಕ ನನ್ನ ಕಡೆ ಇಲ್ಲ. ಆದ್ರ ದಿನಾ ಹಾರಸ್ತೀನಿ." ಕಾಕು ಮತ್ತೇನನ್ನೂ ಕೇಳಲಿಲ್ಲ. ತಪಾಸಣೆ, ಪರವಾನಗಿ ಎಲ್ಲ ಮುಗಿದು, ಪರೀಕ್ಷೆಗೆ ಓಡಿಸುವ ದಿನ ಬಂತು. ಶೆಡ್ಡಿನ ಮಾಲೀಕನ ಬಾಲ ಹಿಡಿದು ಸುನಿಲನೂ ಹಾಜರು.

ಇಂಜಿನ್ನು ಒಂದೇ ಸಲಕ್ಕೆ ಶುರುವಾಯಿತು. ವಿಮಾನ ರನ್‌ವೇಯಲ್ಲಿ ಜೋರಾಗಿ ಓಡಿತು. ಈಗ ಏಳುತ್ತದೆ, ಈಗ ಏಳುತ್ತದೆ ಎಂದು ನಾವು ಕತ್ತು ಚಾಚಿದೆವು. ಏಳಲಿಲ್ಲ. ವೇಗ ತಗ್ಗಿಸಿ, ತಿರುಗಿ ಬಂದು ನಿಂತಿತು.

ಕ್ಯಾಪ್ಟನ್ ಇಳಿದು ತಲೆ ಕೆರೆದುಕೊಂಡರು. "ಸ್ಪೀಡ್ ತೋರ್ಸೂ ಮುಳ್ಳು ಅಲ್ಲಾಡವಲ್ದು ಅಮ್ಮಾರ. ಇಷ್ಟು ಓಡಿದ್ರೂ ಸೊನ್ನೀನ ತೋರ್ಸಾಕತ್ತೈತಿ. ಹಿಂಗಿದ್ರ ನಾ ಹಾರ್ಸೂದಿಲ್ಲ, ಒಯ್ಯೂದೂ ಇಲ್ಲ."

ಸುನಿಲನಿಗೆ ಹಬ್ಬವಾಯಿತು. "ನಾ ಹೇಳಿರಲಿಲ್ಲ? ಇನ್ನ ಇದು ಗುಜರಿನs. ನಾಳೆ ರೇಟು ಇಳೀತದ ಬಾಯಿ, ಇವತ್ತs ಹೂಂ ಅನ್ರಿ. ಲಾರಿ ತರಸ್ತೀನಿ." ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಆದರೆ ಕಾಕುವಿನ ಮುಖ ಬಿಳಚಿತ್ತು. ಕಾಕಾ ಹೋದ ದಿನವೂ ನಾನು ಅದನ್ನು ಹಾಗೆ ಕಂಡಿರಲಿಲ್ಲ.

"ಆ ಮುಳ್ಳಿಗೆ ಸ್ಪೀಡು ಹೆಂಗ ಗೊತ್ತಾಗ್ತದ?" ಎಂದು ಕೇಳಿದರು.

"ರೆಕ್ಕಿ ಕೆಳಗ ಒಂದು ಪೈಪ್ ಐತ್ರಿ. ಅದರಾಗ ಗಾಳಿ ಹೊಕ್ಕಿತಂದ್ರ ಮುಳ್ಳು ಏಳತೈತಿ. ಅದರ ಬಾಯಿ ನೋಡೀನಿ, ಖುಲ್ಲಾ ಐತಿ."

ಕಾಕು ರೆಕ್ಕೆಯ ಕೆಳಗೆ ಬಗ್ಗಿ ಆ ಕೊಳವೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಬಾಯಿ ಖುಲ್ಲಾ ಇರಬಹುದು. ಗಂಟಲಾಗ ಅಕ್ಷತಿ ಅದ. ನವಮಿ ದಿವಸ ನಾನs ಹಾಕೀನಿ. ಒದ್ದಿ ಕುಂಕುಮಾನೂ ಮೆತ್ತೀನಿ."

ಕ್ಯಾಪ್ಟನ್ ಕಣ್ಣು ಅಗಲಿಸಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಯಾ ಅಲ್ಲಾ! ವಿಮಾನಕ್ಕ ಅನ್ನಾ ಉಣಿಸೀರಲ್ರಿ ಅಮ್ಮಾರ!"

ಸುನಿಲನೂ ನಕ್ಕ. ಅವನ ನಗು ಬೇರೆ ತರಹದ್ದು. "ಪೂಜಿ ಮಾಡಿ ಕೆಡಸ್ಯಾರ, ಮ್ಯಾಲೆ ಜಬರದಸ್ತಿ ನೋಡು."

ಕಾಕು ಅವನ ಎದುರಿಗೆ ಹೋಗಿ ನಿಂತರು. "ಹೌದೋ, ನಾನs ಹಾಕೀನಿ, ನಾನs ತಗಸ್ತೀನಿ. ಬರೂ ವರ್ಷ ನವಮಿಗೆ ಹುಬ್ಬಳ್ಳಿಗೆ ಹೋಗಿ ಮತ್ತ ಪೂಜಿ ಮಾಡ್ತೀನಿ, ಪೈಪ್ ಬಿಟ್ಟು. ನಗೂದಿದ್ರ ನಕ್ಕು ಹೋಗು. ಇದರ ರೆಕ್ಕಿಗೆ ಗರಗಸ ಹಚ್ಚಾಂವ ಇನ್ನೂ ಹುಟ್ಟಿಲ್ಲ."

ತಪಾಸಣೆಗೆ ಬಂದಿದ್ದ ಮೆಕ್ಯಾನಿಕ್ಕುಗಳು ಕೊಳವೆ ಬಿಚ್ಚಿದರು. ಅರಿಷಿಣ ಹತ್ತಿದ ಅಕ್ಕಿ, ಗಟ್ಟಿಯಾದ ಕುಂಕುಮ, ಎಲ್ಲ ಹೊರಬಂತು. ಸ್ವಚ್ಛ ಮಾಡಿ, ಪರೀಕ್ಷಿಸಿ ಕೂಡಿಸಿದರು. ಮರುದಿನ ವಿಮಾನ ಎದ್ದಿತು. ಸಮುದ್ರದ ಮೇಲೆ ಒಂದು ಸುತ್ತು ಹಾಕಿ ಇಳಿಯಿತು. ಮಾರಾಟ ಮುಗಿಯಿತು.

ಒಯ್ಯುವ ದಿನ ಬೆಳಿಗ್ಗೆ ಕಾಕು ಒಂದು ಚೀಲ ತಂದಿದ್ದರು. ಗುಳೇದಗುಡ್ಡದ ಖಣ, ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅಡಿಕೆ. ಮಗಳು ಗಂಡನ ಮನೆಗೆ ಹೊರಟಾಗ ಉಡಿ ತುಂಬುವ ಸಾಮಾನು. ಅಕ್ಕಿ ಕಂಡದ್ದೇ ಕ್ಯಾಪ್ಟನ್ ಕೈ ಮುಗಿದು, "ಅಮ್ಮಾರ, ಮತ್ತ ಅಕ್ಕಿ ಬ್ಯಾಡ್ರಿ!" ಎಂದರು.

"ಹೆದರಬ್ಯಾಡ್ರಿ. ಪೈಪಿನ್ಯಾಗ ಹಾಕೂದಿಲ್ಲ. ಆದ್ರ ಮಗಳನ್ನ ಬರಿಗೈಲೆ ಕಳಸೂದು ನಮ್ಮಲ್ಲಿ ಪದ್ಧತಿ ಇಲ್ಲ. ಒಬ್ಬಾಕಿನ್ನs ಕಳಸೂದೂ ಇಲ್ಲ. ನಿಮ್ಮ ಬಲಗಡೆ ಸೀಟು ಖಾಲಿ ಅದ ಅಲ್ಲ?"

ಕ್ಯಾಪ್ಟನ್ ಬಾಗಿಲು ತೆರೆದು ಹಿಡಿದರು. ಕಾಕು ಹಳೇ ರೂಢಿಯ ಕಾಲಿನಲ್ಲಿ ಹತ್ತಿ, ಬಲಗಡೆ ಕೂತು, ಬೆಲ್ಟು ಹಾಕಿಕೊಂಡರು.

"ಬಾ ಶ್ರೀರಂಜನಿ, ಉಡಿ ತುಂಬು."

"ವಿಮಾನಕ್ಕ ಸೆರಗೆಲ್ಲಿ ಕಾಕು? ಎಲ್ಲಿ ಹಾಕಲಿ?"

ಕಾಕು ತಮ್ಮ ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದರು. "ಇದರಾಗ ಹಾಕು. ಹಡದಾಕಿ ನಾ. ಅದರ ಸೆರಗೂ ಇದs."

ಶ್ರೀರಂಜನಿಯ ಕೈ ಚೀಲದಲ್ಲೇ ನಿಂತಿತು. ಗಂಡನಿಲ್ಲದವಳ ಉಡಿ ತುಂಬಬಾರದೆಂದು ಅವಳಿಗೆ ಅವಳವ್ವ ಕಲಿಸಿದ್ದಾಳೆ, ಅವಳವ್ವನಿಗೆ ಅವರವ್ವ. ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ, ನನಗೆ ಕಾಯದೆ, ತೆಂಗಿನಕಾಯಿ ಇಟ್ಟಳು, ಖಣ ಇಟ್ಟಳು, ಬೊಗಸೆ ಬೊಗಸೆ ಅಕ್ಕಿ ಸುರಿದಳು. ಇಬ್ಬರ ಕಣ್ಣಲ್ಲೂ ನೀರಿತ್ತು. ನನಗೂ ಅಳು ಬಂತು, ಯಾಕೆ ಸುಳ್ಳು ಹೇಳಲಿ. ಕಾಕು ಸೆರಗನ್ನು ಬಿಗಿಯಾಗಿ ಗಂಟು ಹಾಕಿ, "ಒಂದು ಕಾಳೂ ಬೀಳೂದಿಲ್ಲ, ನಡೀರಿ ಕ್ಯಾಪ್ಟನ್," ಎಂದರು.

ವಿಮಾನ ಓಡಿತು, ಎದ್ದಿತು, ಘಟ್ಟದ ಕಡೆ ತಿರುಗಿತು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಧಾರವಾಡದ ಮೈದುನ.

"ಏನಾತೋ ಕೇದಾರ? ಆ ಸುನಿಲಗ ಕೊಟ್ಟು ಕೈ ತೊಳಕೊಂಡ್ರೇನು ನಮ್ಮ ವೈನಿ?"

"ಇಲ್ರಿ. ಅದರಾಗs ಕೂತು ಹುಬ್ಬಳ್ಳಿಗೆ ಹೊಂಟಾರ. ಮಧ್ಯಾಹ್ನ ಊಟಕ್ಕ ನಿಮ್ಮ ಮನಿಗೇ ಬರ್ತಾರ. ಉಡಿ ತುಂಬಿಸ್ಕೊಂಡು ಬರಲಿಕ್ಕತ್ತಾರ್ರಿ, ಬಾಗಲಾ ತಗದಿಡ್ರಿ."